ಜಿ ಸಾಲಿನ ಬಕೆಟ್

"ಆ ಕಡೆ ಸ್ವಲ್ಪ ಎಳಿ ಕ್ಲೆಮ್ ಮಾಮ, ಕೊನೇ ಅಕ್ಷರ ಇನ್ನೂ ಕಾಣ್ತಾ ಇದೆ," ಎಂದಳು ಗೇನರ್.

ಕ್ಲೆಮ್ ಶವದ ಕಾರಿನ ಹಿಂಬಾಗಿಲಿನಿಂದ ಸೊಂಟದವರೆಗೆ ಒಳಗೆ ತೂರಿಕೊಂಡು, ಪೆಟ್ಟಿಗೆಯ ಪಕ್ಕದಲ್ಲಿ ನಿಲ್ಲಿಸಿದ್ದ ಹೂವಿನ ಅಕ್ಷರಗಳಿಗೆ ಹಳದಿ-ಕಪ್ಪು ಮಫ್ಲರುಗಳನ್ನು ಹೊದಿಸುತ್ತಿದ್ದ. ಹೋದವನ ಹಳೇ ಗೆಳೆಯ, ಎಪ್ಪತ್ತು ದಾಟಿದ ಮನುಷ್ಯ, ಮಂಡಿಯೂರಿದರೆ ಎಬ್ಬಿಸಲು ಇನ್ನೊಬ್ಬರು ಬೇಕು. ಅಕ್ಷರಗಳೇನು ಸಣ್ಣವಲ್ಲ. ಹಳದಿ ಸೇವಂತಿಗೆಯಲ್ಲಿ ಮೊಳದೆತ್ತರಕ್ಕೆ ಕಟ್ಟಿಸಿದ 'ವಿಲ್ಫ್' ಎಂಬ ಹೆಸರು ಕಾರಿನ ಗಾಜಿನಾಚೆಗೆ ಬೀದಿಯ ಕೊನೆಯವರೆಗೂ ಕಾಣುತ್ತಿತ್ತು. ಹೋದವನ ಹೆಸರನ್ನು ಊರೆಲ್ಲ ಓದಲಿ ಎಂದೇ ಬ್ರೆಕ್‌ಡೇಲಿನಲ್ಲಿ ಇಂಥ ಹೂವು ಕಟ್ಟಿಸುವುದು. ಇವತ್ತು ಮಾತ್ರ ಒಂದು ಜಾಗದಲ್ಲಿ ಯಾರೂ ಅದನ್ನು ಓದಬಾರದಾಗಿತ್ತು.

"ನಾನು ಕಟ್ಸಿದ ಹೂವು ಅದು," ಎಂದು ಸಿರಿಲ್ ಫುಟ್‌ಪಾತಿನ ಮೇಲಿಂದಲೇ ಗುರುಗುಟ್ಟಿದ. ವಿಲ್ಫ್‌ನ ಒಬ್ಬನೇ ತಮ್ಮ, ಫುಟ್‌ಬಾಲ್ ಎಂದರೆ ಅಷ್ಟಕ್ಕಷ್ಟೆ. "ನಮ್ಮಣ್ಣ ಏನು ಕಳ್ಳಮಾಲಾ, ಮುಚ್ಚಿ ಸಾಗ್ಸೋಕೆ?"

"ಒಂದರ್ಧ ಗಂಟೆ ಕಳ್ಳಮಾಲು ಅಂತಲೇ ಅಂದ್ಕೋ ಮಾರಾಯ," ಎಂದು ಕ್ಲೆಮ್ ಕಾರಿನೊಳಗಿಂದ ಹೇಳಿದ. "ಮೈದಾನದ ಮಿಲ್ ಲೇನ್ ದಾಟಿದ ಮೇಲೆ ನಿನ್ನಣ್ಣನ್ನ ನಿನಗೆ ವಾಪಸ್ ಕೊಡ್ತೀನಿ."

ಶವಸಂಸ್ಕಾರದ ಉಸ್ತುವಾರಿ ಹೊತ್ತ ಪಿಕಲ್ಸ್ ಎತ್ತರದ ಕಪ್ಪು ಟೋಪಿಯನ್ನು ಕಂಕುಳಲ್ಲಿ ಇರಿಸಿಕೊಂಡು ಗಡಿಯಾರ ನೋಡಿದರು. ಅವರು ರಗ್ಬಿಯ ಮನುಷ್ಯ. ಫುಟ್‌ಬಾಲಿನವರ ಹುಚ್ಚುಗಳನ್ನು ಅವರು ವೃತ್ತಿಧರ್ಮ ಎಂದು ಸಹಿಸಿಕೊಳ್ಳುತ್ತಿದ್ದರು.

ಹೆಸರು ಮುಚ್ಚುವ ಈ ಗತಿ ಬಂದದ್ದು ಹೀಗೆ. ವಿಲ್ಫ್ ಹೆಪ್‌ವರ್ತ್ ಸತ್ತು ಎರಡು ವಾರದ ಮೇಲಾಗಿತ್ತು. ಬ್ರೆಕ್‌ಡೇಲ್ ಟೌನ್ ಕ್ಲಬ್ಬಿಗೆ ಮಾತ್ರ ಅದು ಗೊತ್ತಿರಲಿಲ್ಲ. ಯಾರೂ ಹೇಳಿರಲಿಲ್ಲ, ಹೇಳಬಾರದೆಂದು ಮೈದಾನದಲ್ಲಿ ಅವನ ಜೊತೆ ಜಿ ಸಾಲಿನಲ್ಲಿ ಕೂರುವವರೆಲ್ಲ ಸೇರಿ ತೀರ್ಮಾನಿಸಿದ್ದರು. ಸೀಸನ್ ಟಿಕೆಟ್ ಇಟ್ಟುಕೊಂಡವನು ನಾಲ್ಕಕ್ಕಿಂತ ಹೆಚ್ಚು ಪಂದ್ಯ ತಪ್ಪಿಸಿದರೆ ಅವನ ಸೀಟು ಕ್ಲಬ್ಬಿಗೆ ಹೋಗುತ್ತದೆ ಎಂಬುದು ಹೊಸ ಮಾಲೀಕರು ತಂದ ನಿಯಮ. ಅದಕ್ಕಿಂತ ಹೆಚ್ಚು ತಪ್ಪಿಸದೆ ಆಟದ ಋತು ಮುಗಿಸಿದವನು ಬೇಕಾದರೆ ಮನೆಯವರ ಹೆಸರಿಗೆ ಸೀಟು ಬರೆದುಕೊಡಬಹುದು. ವಿಲ್ಫ್ ಆಸ್ಪತ್ರೆಯಲ್ಲಿ ಮಲಗಿಯೇ ಮಗಳು ಗೇನರ್‌ಳ ಹೆಸರಿಗೆ ಸಹಿ ಹಾಕಿದ್ದ. ಅವನು ಮಲಗಿದ್ದಷ್ಟು ದಿನ ಗೇನರ್ ಅವನ ಕಾರ್ಡು ತೋರಿಸಿ ಒಳಗೆ ಹೋಗಿ ಅವನ ಜಾಗದಲ್ಲಿ ಕೂತು ಬರುತ್ತಿದ್ದಳು. ಆದರೂ ಮೊದಮೊದಲ ಗಾಬರಿಯಲ್ಲಿ ನಾಲ್ಕು ಪಂದ್ಯ ತಪ್ಪಿಹೋಗಿದ್ದವು. ಇನ್ನೊಂದು ತಪ್ಪಿದರೆ ಎಲ್ಲವೂ ಹೋಯಿತು. ಉಳಿದಿದ್ದದ್ದು ಒಂದೇ ಒಂದು ಪಂದ್ಯ, ಋತುವಿನ ಕೊನೆಯದು, ಭಾನುವಾರದ್ದು.

ಅದಕ್ಕೇ ಶವಸಂಸ್ಕಾರವನ್ನು ಶನಿವಾರ ಇಟ್ಟುಕೊಂಡರು. ಆಮೇಲೆ ಬಂತು ನೋಡಿ ಸಂದೇಶ, ವಿಲ್ಫ್‌ನ ಫೋನಿಗೇ. 'ಪ್ರಿಯ ವಿಲ್ಫ್, ನಿಮ್ಮ ಪಂದ್ಯದ ಅನುಭವ ಇನ್ನಷ್ಟು ಸೊಗಸಾಗಲೆಂದು ಭಾನುವಾರದ ಪಂದ್ಯವನ್ನು ಶನಿವಾರ ಮಧ್ಯಾಹ್ನ ಹನ್ನೆರಡೂವರೆಗೆ ಬದಲಿಸಲಾಗಿದೆ.' ಟಿವಿಯವರು ಕೇಳಿದರಂತೆ, ಕ್ಲಬ್ಬಿನವರು ಹೂಂ ಅಂದರಂತೆ. ಸ್ಮಶಾನದವರೂ ವಿಲ್ಫ್‌ಗೆ ಕೊಟ್ಟಿದ್ದದ್ದು ಅದೇ ಶನಿವಾರ, ಅದೇ ಹನ್ನೆರಡೂವರೆ.

"ಇದಕ್ಕಿಂತ ಯಾರಾದ್ರೂ ಒಬ್ರು ಕಾರ್ಡ್ ಹಿಡ್ಕೊಂಡು ಪಂದ್ಯಕ್ಕೆ ಹೋಗ್ಬಹುದಿತ್ತು," ಎಂದ ಸಿರಿಲ್.

"ಯಾರು ಹೋಗ್ತೀರಿ ಹೇಳಿ?" ಗೇನರ್ ತಿರುಗಿ ನಿಂತಳು. "ನಾನು ಹೋಗ್ಲಾ, ಅಪ್ಪನ್ನ ಬಿಟ್ಟು? ಕ್ಲೆಮ್ ಮಾಮ ಹೋಗ್ಲಾ? ಪೆಟ್ಟಿಗೆ ಹೊರೋರಲ್ಲಿ ಅವನೊಬ್ಬ. ನೀನು ಹೋಗ್ತೀಯ ಚಿಕ್ಕಪ್ಪ?"

ಸಿರಿಲ್ ಹೂವಿನ ಕಡೆ ಮುಖ ತಿರುಗಿಸಿದ.

"ಯಾರೂ ಹೋಗೋದು ಬೇಡ. ಅಪ್ಪನೇ ಹೋಗ್ಲಿ. ಮೈದಾನ ದಾರೀಲೇ ತಾನೇ ಇರೋದು."

ಪಿಕಲ್ಸ್ ಕೆಮ್ಮಿದರು. "ಮೈದಾನದ ಮುಂದೆ ನಿಧಾನವಾಗಿ ಹೋಗೋದು ಪದ್ಧತಿ ತಾಯಿ, ಹೋಗ್ತೀನಿ. ನಿಲ್ಲಿಸ್ತೀನಿ ಅಂತ ಮಾತ್ರ ನಾನು ಹೇಳಿಲ್ಲ."

"ನಿಮ್ಮ ಕಾಲಿಗೆ ನೋವು ಬರಬಹುದಲ್ಲ, ಸರಿಯಾಗಿ ಒಂಬತ್ತನೇ ಗೇಟಿನ ಹತ್ರ?"

ಅವರು ಟೋಪಿ ಹಾಕಿಕೊಂಡರು. "ವಯಸ್ಸಾಯ್ತು. ಬರಬಹುದು."

*

ಗೇನರ್‌ಗೆ ಏಳು ವರ್ಷವಿದ್ದಾಗ ಮೈದಾನದಲ್ಲಿ ಸೀಟುಗಳಿರಲಿಲ್ಲ. ಕಾಂಕ್ರೀಟಿನ ಮೆಟ್ಟಿಲುಗಳ ಮೇಲೆ ಜನ ಒಬ್ಬರಿಗೊಬ್ಬರು ಅಂಟಿಕೊಂಡು ನಿಲ್ಲುತ್ತಿದ್ದರು. ವಿಲ್ಫ್ ಕಿಟಕಿ ಒರೆಸುವವನು, ಶನಿವಾರ ಬೆಳಿಗ್ಗೆ ಪೇಟೆಬೀದಿಯ ಅಂಗಡಿಗಳ ಗಾಜು ಮುಗಿಸಿ, ಏಣಿಯನ್ನು ಮೀನಂಗಡಿಯ ಹಿಂದೆ ಬಿಟ್ಟು, ತಗಡಿನ ಬಕೆಟ್ಟಿನ ಜೊತೆ ಸೀದಾ ಮೈದಾನಕ್ಕೆ ಬರುತ್ತಿದ್ದ. ಇನ್ನೊಂದು ಕೈಯಲ್ಲಿ ಮಗಳು ಇರುತ್ತಿದ್ದಳು. ತಾಯಿ ಅಂಚೆ ಕಚೇರಿಯಲ್ಲಿ ಕೆಲಸಕ್ಕಿದ್ದಳು, ಶನಿವಾರ ಮಗುವನ್ನು ನೋಡಿಕೊಳ್ಳುವವರು ಬೇರೆ ಯಾರೂ ಇರಲಿಲ್ಲ.

ತಮ್ಮ ಜಾಗಕ್ಕೆ ಬಂದ ಮೇಲೆ ವಿಲ್ಫ್ ಬಕೆಟ್ಟನ್ನು ಬೋರಲು ಹಾಕಿ ಮಗಳನ್ನು ಅದರ ಮೇಲೆ ನಿಲ್ಲಿಸುತ್ತಿದ್ದ. ಆಗ ಅವಳ ತಲೆ ಅಪ್ಪನ ಕಿವಿಯ ಮಟ್ಟಕ್ಕೆ ಬಂದು ಇಡೀ ಮೈದಾನ ಕಾಣುತ್ತಿತ್ತು. ಅಪ್ಪನಿಂದ ಸೋಪಿನ ನೀರಿನ ವಾಸನೆ ಬರುತ್ತಿತ್ತು, ಪಕ್ಕದ ಕ್ಲೆಮ್ ಮಾಮನಿಂದ ಹುರಿದ ಈರುಳ್ಳಿಯದು. ಗೋಲು ಬಿದ್ದರೆ ಬಕೆಟ್ಟಿನ ತಳ ಢಣಢಣ ಎನ್ನುವಂತೆ ಅವಳು ಕುಣಿಯುತ್ತಿದ್ದಳು. ಅಪರೂಪಕ್ಕೆ ಬೀಳುತ್ತಿತ್ತು ಎನ್ನುವುದು ಬೇರೆ ಮಾತು.

"ತಳ ಬಿದ್ದುಹೋಗುತ್ತೆ ಕಣೇ," ಎನ್ನುತ್ತಿದ್ದ ಕ್ಲೆಮ್.

"ಬೀಳ್ಲಿ ಬಿಡೋ," ಎನ್ನುತ್ತಿದ್ದ ವಿಲ್ಫ್. "ಬಕೆಟ್ ಬೇರೆ ಸಿಗುತ್ತೆ."

ಮುಂದೆ ಸರ್ಕಾರ ಎಲ್ಲರೂ ಕೂತೇ ನೋಡಬೇಕು ಎಂದಿತು. ಮೆಟ್ಟಿಲುಗಳಿಗೆ ಪ್ಲಾಸ್ಟಿಕ್ ಸೀಟು ಬಡಿದು ಸಾಲುಗಳಿಗೆ ಅಕ್ಷರ ಕೊಟ್ಟರು. ವಿಲ್ಫ್ ಅಳತೆ ಪಟ್ಟಿ ಹಿಡಿದುಕೊಂಡು ಹೋಗಿ, ಕಂಬದಿಂದ ಅಳೆದು, ಬಕೆಟ್ಟು ಇರುತ್ತಿದ್ದ ಜಾಗಕ್ಕೆ ಬಿದ್ದ ಸೀಟು ಯಾವುದೆಂದು ಕಂಡುಹಿಡಿದು ಅದನ್ನೇ ತೆಗೆದುಕೊಂಡ. ಗುಮಾಸ್ತೆ, ಇದಕ್ಕಿಂತ ಒಳ್ಳೆಯ ಸೀಟುಗಳು ಖಾಲಿ ಇವೆಯಲ್ಲ ಎಂದಳು. "ಇರ್ಬಹುದು," ಎಂದ ವಿಲ್ಫ್, "ಆದ್ರೆ ಅಲ್ಲಿ ನಮ್ಮ ಹುಡುಗಿ ನಿಂತಿಲ್ವಲ್ಲ."

ಗೇನರ್ ಬೆಳೆದಳು, ಪಕ್ಕದ ಊರಿಗೆ ಮದುವೆಯಾಗಿ ಹೋದಳು, ಮದುವೆ ಮುರಿದು ಬಂದಳು, ಶಾಲೆಯ ಅಡುಗೆಮನೆಯಲ್ಲಿ ಕೆಲಸಕ್ಕೆ ಸೇರಿದಳು. ಅಷ್ಟರಲ್ಲಿ ಜಿ ಸಾಲಿನಲ್ಲಿ ಜಾಗ ಉಳಿದಿರಲಿಲ್ಲ. ಅಪ್ಪ ಒಂದು ಕಡೆ, ಮಗಳು ಎದುರಿನ ಕಡೆ ಕೂತು, ಅರ್ಧವಿರಾಮದಲ್ಲಿ ಮೈದಾನದ ಆಚೆ-ಈಚೆಯಿಂದ ಮಫ್ಲರ್ ಬೀಸಿ ಮಾತಾಡಿಸಿಕೊಳ್ಳುತ್ತಿದ್ದರು.

*

ಕಾರು ಸ್ಟೇಷನ್ ರಸ್ತೆಯಿಂದ ತಿರುಗಿ ಮಿಲ್ ಲೇನ್ ಹಿಡಿಯಿತು. ಪಿಕಲ್ಸ್ ಕಾರಿನಿಂದಿಳಿದು, ಟೋಪಿ ಕೋಲುಗಳೊಂದಿಗೆ ಅದರ ಮುಂದೆ ನಡೆಯತೊಡಗಿದರು. ಹಿಂದಿನ ಕಾರಿನಲ್ಲಿ ಗೇನರ್, ಕ್ಲೆಮ್, ಸಿರಿಲ್, ಅವರ ಹಿಂದೆ ಬಾಡಿಗೆ ವ್ಯಾನಿನಲ್ಲಿ ಜಿ ಸಾಲಿನ ಉಳಿದವರು. ಸಣ್ಣಗೆ ಮಳೆ ಹನಿಯುತ್ತಿತ್ತು. ರಸ್ತೆಯ ಎರಡೂ ಕಡೆ ಪಂದ್ಯಕ್ಕೆ ಹೊರಟ ಜನ. ಶವದ ಕಾರನ್ನು ಕಂಡವರು ಆಲೂಗೆಡ್ಡೆ ಚಿಪ್ಸಿನ ಪೊಟ್ಟಣ ಕೆಳಗಿಳಿಸಿ ಟೋಪಿ ತೆಗೆದರು. ಪೆಟ್ಟಿಗೆಯ ಮೇಲೆ ಹಳದಿ ಹೂವು ತುಂಬಿದ ತಗಡಿನ ಬಕೆಟ್ಟು ಇತ್ತು. ಹೆಸರು ಮುಚ್ಚಿದ್ದರೂ ಬಕೆಟ್ಟು ನೋಡಿದ ಎಷ್ಟೋ ಮುದುಕರಿಗೆ ಯಾರೆಂದು ತಿಳಿದುಹೋಯಿತು.

"ಅಲ್ಲಿ ಕಾಣ್ತಾ ಇದೆ ನೋಡು ಅಕ್ವೇರಿಯಂ," ಎಂದ ಕ್ಲೆಮ್, ಗೋಡೆಯ ಮೇಲೆ ಎದ್ದ ಗಾಜಿನ ತುದಿಯನ್ನು ತೋರಿಸಿ. ಸಿರಿಲ್ ತಲೆಯೆತ್ತಿ ನೋಡಿದ. ಅದರಿಂದಲೇ ಅಣ್ಣ ಕೈಲಿದ್ದ ಕೆಲಸ ಕಳೆದುಕೊಂಡದ್ದು, ಆಗ ತಾನು ಅಣ್ಣನಿಗೆ ಬೈದದ್ದು ಅವನಿಗೆ ನೆನಪಿತ್ತು.

*

ಹೊಸ ಮಾಲೀಕರು ಬಂದ ವರ್ಷವೇ ಆ ಗಾಜಿನ ಕೋಣೆ ಎದ್ದಿತು. ಗಂಡಸರ ಶೌಚಾಲಯದ ಚಾವಣಿ ಸೋರುತ್ತಿತ್ತು, ತಂಡಕ್ಕೊಬ್ಬ ಸರಿಯಾದ ಗೋಲ್‌ಕೀಪರ್ ಇರಲಿಲ್ಲ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂ ಎಂಬಂತೆ, ಎಚ್ ಸಾಲಿನಿಂದ ಮೇಲಕ್ಕಿದ್ದ ಸೀಟುಗಳನ್ನೆಲ್ಲ ಕಿತ್ತು, ಮೆತ್ತನೆಯ ಕುರ್ಚಿ, ಬಿಳಿ ಬಟ್ಟೆ ಹಾಸಿದ ಮೇಜುಗಳ ಅತಿಥಿಕೋಣೆ ಕಟ್ಟಿದರು. ಅಲ್ಲಿ ಅಪ್ಪನ ಕಾಲದಿಂದ ಕೂತಿದ್ದವರನ್ನು ಮೂಲೆಯ ಎತ್ತರದ ಬ್ಲಾಕಿಗೆ ಓಡಿಸಿದರು. ಉಳಿದದ್ದು ಗಾಜಿನ ಮೂಗಿನಡಿಯ ಜಿ ಸಾಲು. ಅದೂ ಬೇಕಾಗಿತ್ತು ಅವರಿಗೆ, ತೆರೆದ ಬಾಲ್ಕನಿ ಮಾಡಲು.

ಜಿ ಸಾಲಿನವರು ಸಭೆ ಕರೆಸಿದರು. ಕ್ಲಬ್ಬಿನ ಪರವಾಗಿ ಟೋಬಿ ಎಂಬ ಯುವಕ ಬಂದ. 'ಬೆಂಬಲಿಗರ ಅನುಭವ ವಿಭಾಗದ ಮುಖ್ಯಸ್ಥ' ಎಂಬ ಬಿರುದು ಅವನಿಗಿತ್ತು. ಒಂದು ಗಂಟೆ ಅಡ್ಡಗೋಡೆಯ ಮೇಲೆ ದೀಪ ಇಟ್ಟಂತೆ ಮಾತಾಡಿ, ಕೊನೆಗೆ ತಪ್ಪದೆ ಬರುವವರ ಸೀಟು ಮುಟ್ಟುವುದಿಲ್ಲ ಎಂದು ಒಪ್ಪಿದ. ಎಲ್ಲರೂ ಚಪ್ಪಾಳೆ ತಟ್ಟಿದರು. ಮಾರನೆಯ ವಾರ ನಾಲ್ಕು ಪಂದ್ಯದ ನಿಯಮ ಬಂತು. ಜಿ ಸಾಲಿನವರೆಲ್ಲ ವಯಸ್ಸಾದವರು. ಒಂದು ಚಳಿಗಾಲ, ಒಂದು ಮಂಡಿ ಶಸ್ತ್ರಚಿಕಿತ್ಸೆ ಸಾಕು, ಸಾಲು ತಾನಾಗಿ ಖಾಲಿಯಾಗುತ್ತದೆಂದು ಟೋಬಿಗೆ ಚೆನ್ನಾಗಿ ಗೊತ್ತಿತ್ತು.

ಕ್ಲಬ್ಬಿನ ಕಚೇರಿಯ ಕಿಟಕಿಗಳನ್ನು ಬಹಳ ವರ್ಷಗಳಿಂದ ಒರೆಸುತ್ತಿದ್ದವನು ವಿಲ್ಫ್. ಹಾಗಾಗಿ ಟೋಬಿ ಅವನ ಹತ್ತಿರವೇ ಬಂದು ಈ ದೊಡ್ಡ ಗಾಜನ್ನೂ ಒರೆಸಬೇಕು ಎಂದ. ವಿಲ್ಫ್ ಜಿ ಸಾಲಿನಲ್ಲಿ ನಿಂತು ಗಾಜಿನೊಳಗೆ ಇಣುಕಿದ. ಕೆಳಗೆ ಆಟ ನಡೆದಿತ್ತು, ಒಳಗಿದ್ದವರೆಲ್ಲ ಮೈದಾನಕ್ಕೆ ಬೆನ್ನು ಹಾಕಿ ಗೋಡೆಯ ಟಿವಿಯಲ್ಲಿ ಅದೇ ಆಟ ನೋಡುತ್ತ ಮಾಂಸ ಕತ್ತರಿಸುತ್ತಿದ್ದರು.

"ಒಳಗಿರೋರು ಹೊರಗೆ ನೋಡೋ ದಿನ ಹೇಳಿ ಕಳ್ಸಿ ಸ್ವಾಮಿ," ಎಂದ ವಿಲ್ಫ್. "ಅವತ್ತು ಬಂದು ಒರೆಸ್ತೀನಿ. ದುಡ್ಡೂ ಬೇಡ."

ಆ ಮಾತಿಗೆ ಕಚೇರಿಯ ಕಿಟಕಿಗಳ ಕೆಲಸವೂ ಹೋಯಿತು. "ನಿನ್ನ ನಾಲಿಗೆ ಸುಮ್ನಿದ್ದಿದ್ರೆ!" ಎಂದು ಸಿರಿಲ್ ತಲೆ ಚಚ್ಚಿಕೊಂಡ. ವಿಲ್ಫ್ ನಕ್ಕ. ಏಣಿ ಹತ್ತಲು ಎದೆ ಒಪ್ಪದ ದಿನಗಳು ಆಗಲೇ ಶುರುವಾಗಿದ್ದವು.

ಆಸ್ಪತ್ರೆಯಲ್ಲಿ ಕೂಡ ಅವನು ಮಂಚದಿಂದ ಕಿಟಕಿಯನ್ನೇ ನೋಡುತ್ತಿದ್ದ. "ಯಾರು ಒರೆಸಿದ್ದೋ ಅದನ್ನ," ಎಂದು ಗೊಣಗುತ್ತಿದ್ದ. "ಮೂಲೆ ಬಿಟ್ಟಿದಾನೆ. ಮೊದಲು ಮೂಲೆ, ಆಮೇಲೆ ನಡು. ನಡು ಯಾರ್ ಬೇಕಾದ್ರೂ ಒರೆಸ್ತಾರೆ." ಸಹಿ ಹಾಕಿದ ದಿನ ಮಗಳ ಮಣಿಕಟ್ಟು ಹಿಡಿದುಕೊಂಡ. ಆ ಕೈಯಲ್ಲಿ ಶಕ್ತಿಯೇ ಇರಲಿಲ್ಲ. "ನಾನ್ ಹೋದ್ರೆ ಹೋಗ್ತೀನಿ ಪುಟ್ಟೀ. ಜಾಗ ಬಿಡ್ಬೇಡ. ಅದು ನಿಂದೇ, ನಾನು ಸುಮ್ನೆ ಕಾಯ್ತಾ ಕೂತಿದ್ದೆ."

*

ಒಂಬತ್ತನೇ ಗೇಟಿನ ಮುಂದೆ ಪಿಕಲ್ಸರಿಗೆ ಕಾಲುನೋವು ಬಂತು. ಅವರು ಕೋಲೂರಿ ನಿಂತರು. ಹಿಂದೆ ಕಾರೂ ನಿಂತಿತು.

ಯೋಜನೆ ಸರಳವಾಗಿತ್ತು. ಗೇನರ್ ಓಡಿಹೋಗಿ ಕಾರ್ಡು ತೋರಿಸುವುದು, ಗೇಟು ಕಾಯುವ ಪ್ಯಾಟ್ಸಿ ಕಬ್ಬಿಣದ ಅಡ್ಡಪಟ್ಟಿಯನ್ನು ಒಂದು ಸುತ್ತು ತಿರುಗಿಸುವುದು, ಮತ್ತೆ ಎಲ್ಲರೂ ಸ್ಮಶಾನಕ್ಕೆ ಹೊರಡುವುದು. ಪ್ಯಾಟ್ಸಿಯ ಮನೆ ಕಿಟಕಿಯನ್ನೂ ವಿಲ್ಫ್ ಒರೆಸುತ್ತಿದ್ದವನೇ. ಗೇನರ್ ಅಪ್ಪನ ಕಾರ್ಡಿನಲ್ಲಿ ಬರುವಾಗಲೆಲ್ಲ ಅವಳು ಆಕಾಶ ನೋಡುತ್ತಿದ್ದಳು. ಇಷ್ಟು ದಿನ ಅದು ಸಾಕಾಗಿತ್ತು.

ಆದರೆ ಗೇಟಿನ ಹತ್ತಿರ ಇವತ್ತು ಟೋಬಿಯೇ ನಿಂತಿದ್ದ, ಕೈಯಲ್ಲಿ ವಾಕಿಟಾಕಿ, ತಲೆಯ ಮೇಲೆ ಕ್ಲಬ್ಬಿನ ಛತ್ರಿ.

"ಇಲ್ಲಿ ನಿಲ್ಲಿಸೋ ಹಾಗಿಲ್ಲ ಸರ್," ಎಂದ ಪಿಕಲ್ಸರಿಗೆ. "ಇದು ಅತಿಥಿಗಳ ಕಾರು ಬರೋ ದಾರಿ."

"ನಾನೂ ಅತಿಥೀನೇ ಕರ್ಕೊಂಡು ಹೊರಟಿದೀನಿ," ಎಂದರು ಪಿಕಲ್ಸ್. "ಅವರಿಗೇನೂ ಅವಸರ ಇಲ್ಲ."

ಟೋಬಿ ಮಫ್ಲರ್ ಹೊದ್ದ ಗುಡ್ಡೆಯನ್ನು ನೋಡಿ ಮುಖ ಸಣ್ಣದು ಮಾಡಿಕೊಂಡ. "ನಮ್ಮ ಕ್ಲಬ್ ಕುಟುಂಬದವ್ರು ಯಾರೋ ಹೋಗಿದಾರೆ ಅನ್ಸುತ್ತೆ. ತುಂಬಾ ಬೇಜಾರಾಯ್ತು. ಯಾರು ಅಂತ ಕೇಳಬಹುದಾ?"

ಕ್ಲೆಮ್ ಕಾರಿನಿಂದ ಇಳಿದವನೇ ತಡವರಿಸಿದ. "ಯಾರೂ ಅಲ್ಲ ಸ್ವಾಮಿ. ಹೀಗೇ... ದೂರದ ನೆಂಟ್ರು. ನಿಮಗೆ ಗೊತ್ತಿರಲ್ಲ."

ಸಿರಿಲ್ ಕಾರಿನಿಂದಿಳಿದು ಮುಚ್ಚಿದ ಹೂವಿನ ಪಕ್ಕ ಬಂದು ನಿಂತ. ಗೇನರ್ ಕೋಟಿನ ಜೇಬಿನಲ್ಲಿ ಕಾರ್ಡು ಬಿಗಿಹಿಡಿದು ಗೇಟಿನತ್ತ ಎರಡು ಹೆಜ್ಜೆ ಹಾಕಿದ್ದಳು. ಚಿಕ್ಕಪ್ಪನ ಮುಖ ನೋಡಿ ಅವಳ ಕಾಲುಗಳು ನಿಂತುಬಿಟ್ಟವು.

ಯಾರೂ ಅಲ್ಲ! ಅಮ್ಮ ಸತ್ತ ವಾರವೂ ಇಲ್ಲಿಗೆ ಬಂದವನು, ಸೋತು ಕೆಳಗಿನ ದರ್ಜೆಗೆ ಬಿದ್ದ ವರ್ಷ ಎಲ್ಲರೂ ಕಾರ್ಡು ಹಿಂದಿರುಗಿಸಿದಾಗ ಸರದಿಯಲ್ಲಿ ಮೊದಲು ನಿಂತು ಹೊಸದು ತೆಗೆದುಕೊಂಡವನು, ಈ ಗೋಡೆಯ ಹೊರಗೆ ತನ್ನ ಹೆಸರನ್ನೇ ಮುಚ್ಚಿಕೊಂಡು ಕಳ್ಳನಂತೆ ಮಲಗಿದ್ದಾನೆ. ಮುಚ್ಚಿಸಿದವಳು ತಾನೇ. ಅವಳಿಗೆ ಮೈಯೆಲ್ಲ ಉರಿದುಹೋಯಿತು.

ಅವಳು ತಿರುಗಿ ಬಂದು ಕಾರಿನ ಹಿಂಬಾಗಿಲು ತೆರೆದು ಮಫ್ಲರುಗಳನ್ನು ಒಂದೊಂದಾಗಿ ಎಳೆದು ಹಾಕಿದಳು. ಹಳದಿ ಅಕ್ಷರಗಳು ಗಾಜಿನಾಚೆ ತುಂಬಿಕೊಂಡವು.

"ಗೇನರ್! ಏನ್ ಮಾಡ್ತಿದ್ದೀಯೇ!" ಎಂದ ಕ್ಲೆಮ್.

"ವಿಲ್ಫ್ ಹೆಪ್‌ವರ್ತ್ ಅಂತ," ಎಂದಳು ಅವಳು ಟೋಬಿಗೆ, ಸರದಿಯಲ್ಲಿದ್ದವರಿಗೆಲ್ಲ ಕೇಳುವಂತೆ. "ಜಿ ಸಾಲು. ನಮ್ಮಪ್ಪ. ಪಂದ್ಯಕ್ಕೆ ಬಂದಿದಾನೆ."

ಟೋಬಿಯ ಕಣ್ಣು ಹೂವಿನಿಂದ ಅವಳ ಕೈಲಿದ್ದ ಕಾರ್ಡಿಗೆ ಬಂತು. ಅವನು ದಡ್ಡನಲ್ಲ. "ಅಂದ್ರೆ ಇಷ್ಟು ದಿನ... ನೋಡಿ ಮೇಡಂ, ನಿಮ್ಮ ದುಃಖ ನನಗೆ ಅರ್ಥ ಆಗುತ್ತೆ. ಆದ್ರೆ ಹೋಗ್ಬಿಟ್ಟವರ ಕಾರ್ಡ್ ನಡೆಯಲ್ಲ."

"ಎಲ್ಲಿ ಬರ್ದಿದೆ?"

"ಏನು?"

"ನಿಮ್ಮ ನಿಯಮ ನಾನು ಬಾಯಿಪಾಠ ಮಾಡಿದೀನಿ. ಕಾರ್ಡು ಗೇಟಿಗೆ ಬರಬೇಕು ಅಂತ ಇದೆ. ಉಸಿರಾಡ್ತಾ ಬರಬೇಕು ಅಂತ ಎಲ್ಲಿದೆ? ತೋರ್ಸಿ!"

ಸರದಿಯಲ್ಲಿ ಯಾರೋ ಕಿಸಕ್ಕೆಂದರು. ಇನ್ಯಾರೋ, "ಹೌದಲ್ವಾ? ಉಸಿರಾಡ್ತಾ ನೋಡೋ ಆಟಾನಾ ಇದು!" ಎಂದರು. ಟೋಬಿ ವಾಕಿಟಾಕಿಯನ್ನು ಬಾಯಿಗೆ ಹಿಡಿದ.

"ಬೇಗ ಬಾರೇ ಗೇನರ್," ಎಂದಳು ಪ್ಯಾಟ್ಸಿ ಗೇಟಿನಿಂದ. ಇವತ್ತು ಅವಳು ಆಕಾಶ ನೋಡುತ್ತಿರಲಿಲ್ಲ. "ಅವನು ಅದನ್ನ ರದ್ದು ಮಾಡೋ ಬಟನ್ ಒತ್ಸೋದ್ರೊಳಗೆ ಇಲ್ಲಿ ಕಾರ್ಡ್ ಹಿಡಿ!"

ಗೇನರ್ ಓಡಿದಳು. ಕಾರ್ಡು ಹಿಡಿದಳು. ಯಂತ್ರ ಒಂದು ಕ್ಷಣ ಯೋಚಿಸಿತು. ಆಮೇಲೆ ಹಸಿರು ದೀಪ ಹತ್ತಿತು. ಪುಟ್ಟ ಪರದೆಯ ಮೇಲೆ ವಿಲ್ಫ್‌ನ ಫೋಟೋ, ಒಂದು ಕಡೆಗೆ ವಾಲಿದ ಟೋಪಿ, ಕೆಳಗೆ 'ಸುಸ್ವಾಗತ ವಿಲ್ಫ್!'

"ಕಾರ್ಡ್ ತೋರ್ಸಿದ್ರೆ ಆಗಲ್ಲ," ಎಂದ ಟೋಬಿ ಏದುಸಿರಿನಲ್ಲಿ. "ಒಳಗೆ ಹೋಗ್ಬೇಕು. ಯಾರೂ ಹೋಗದೇ ಇದ್ರೆ ಅದು ಲೆಕ್ಕಕ್ಕಿಲ್ಲ."

"ಪೆಟ್ಟಿಗೇನೇ ಹೊತ್ಕೊಂಡ್ ಹೋಗೋಣ್ವೇನ್ರೋ?" ಎಂದ ಸರದಿಯಲ್ಲಿದ್ದ ಒಬ್ಬ ದಢೂತಿ.

ಪಿಕಲ್ಸ್ ಗೇಟಿನ ಅಗಲವನ್ನು ಕಣ್ಣಲ್ಲೇ ಅಳೆದು ಗಂಭೀರವಾಗಿ ತಲೆಯಾಡಿಸಿದರು. "ಹಿಡಿಯಲ್ಲ. ಓರೆ ಮಾಡ್ಬೇಕಾಗುತ್ತೆ. ಓರೆ ಮಾಡೋದು ಮರ್ಯಾದೆ ಅಲ್ಲ."

ಆಗ ಕಾರಿನತ್ತ ಹೋದವನು ಸಿರಿಲ್. ಪೆಟ್ಟಿಗೆಯ ಮೇಲಿನ ಬಕೆಟ್ಟನ್ನು ಎರಡೂ ಕೈಯಲ್ಲಿ ಎತ್ತಿ ಎದೆಗವಚಿಕೊಂಡು ತಂದು, ಗೇನರ್‌ಳ ಕೈಗೆ ಕೊಟ್ಟ. ಅವನ ಕಣ್ಣಲ್ಲಿ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲೂ ಇಲ್ಲ. "ನಮ್ಮಣ್ಣ ಯಾರೂ ಅಲ್ವಂತೆ," ಎಂದ ಟೋಬಿಯ ಕಡೆ ನೋಡಿ. "ಇದು ಅವನ ಬಕೆಟ್. ಇದನ್ನ ಇಡೀ ಊರು ನೋಡಿದೆ. ಇದು ಹೋಗುತ್ತೆ ಒಳಗೆ."

ಗೇನರ್ ಅದನ್ನು ಪ್ಯಾಟ್ಸಿಗೆ ದಾಟಿಸಿದಳು. "ಕೆಲಸ ಹೋಗುತ್ತೆ ಪ್ಯಾಟ್ಸಿ."

"ಹೋಗ್ಲಿ ಬಿಡೇ. ಈ ಜಾಕೆಟ್ ನನಗೆ ಯಾವತ್ತೂ ಸರಿಯಾಗಿ ಹಿಡಿದೇ ಇಲ್ಲ."

ಪ್ಯಾಟ್ಸಿ ಬಕೆಟ್ಟನ್ನು ಮುಂದೆ ಹಿಡಿದು ಸೊಂಟದಿಂದ ಅಡ್ಡಪಟ್ಟಿಯನ್ನು ನೂಕಿದಳು. ಖಟ್ ಎಂದು ಅದು ಒಂದು ಸುತ್ತು ತಿರುಗಿತು. ಸರದಿಯಲ್ಲಿದ್ದವರು ಚಪ್ಪಾಳೆ ತಟ್ಟತೊಡಗಿದರು. ಅದು ಪಕ್ಕದ ಗೇಟಿಗೆ, ಅದರ ಪಕ್ಕದ ಗೇಟಿಗೆ ಹಬ್ಬಿತು. ಯಾತಕ್ಕೆಂದು ತಿಳಿಯದವರೂ ತಟ್ಟಿದರು.

"ಆ ಬಕೆಟ್ ತೆಗೆಸ್ತೀನಿ ನಾನು," ಎಂದ ಟೋಬಿ.

"ತೆಗೆಸಿ ಸ್ವಾಮಿ, ತೆಗೆಸಿ," ಎಂದ ಕ್ಲೆಮ್. ಅವನಿಗೆ ನಾಲಿಗೆ ಮರಳಿ ಬಂದಿತ್ತು. "ಟಿಕೆಟ್ ಇರೋರನ್ನ ಟಿವಿ ಮುಂದೆ ಎಬ್ಬಿಸಿ ಆಚೆ ಹಾಕಿ. ನಾವೂ ನೋಡ್ತೀವಿ, ದೇಶಾನೂ ನೋಡುತ್ತೆ."

ಪಿಕಲ್ಸ್ ಗಡಿಯಾರ ನೋಡಿ, ತಮ್ಮ ಕಾಲುನೋವು ವಾಸಿಯಾಯಿತು ಎಂದರು.

*

ಸ್ಮಶಾನದಲ್ಲಿ ಎಲ್ಲವೂ ಬೇಗ ಮುಗಿಯಿತು. ಪಾದ್ರಿ ವಿಲ್ಫ್‌ನನ್ನು ಕಂಡವರಲ್ಲ. ದುಡಿದು ಬಾಳಿದವನು, ಸ್ನೇಹಪರ, ಕ್ರೀಡಾಪ್ರೇಮಿ ಎಂದರು. ಪೆಟ್ಟಿಗೆಯನ್ನು ಮರೆಮಾಡುತ್ತ ಪರದೆ ಸರಿಯುವಾಗ ಗೇನರ್ ಚಿಕ್ಕ ಹುಡುಗಿಯಂತೆ ಗಟ್ಟಿಯಾಗಿ ಅತ್ತಳು. ಬೆಳಗಿನಿಂದ ಸಿಟ್ಟು ಹಿಡಿದು ನಿಲ್ಲಿಸಿದ್ದ ಅಳು ಅದು. ಸಿರಿಲ್ ಅವಳ ಬೆನ್ನ ಮೇಲೆ ಕೈಯಿಟ್ಟು ತೆಗೆಯಲೇ ಇಲ್ಲ.

ಫ್ಲೀಸ್ ಪಬ್ಬಿನ ಹಿಂದಿನ ಕೋಣೆಯಲ್ಲಿ ಹ್ಯಾಮ್ ಸ್ಯಾಂಡ್‌ವಿಚ್, ಮಾಂಸದ ಪೈ, ವಿನೆಗರಿನಲ್ಲಿ ನೆನೆಸಿದ ಈರುಳ್ಳಿ ಕಾದಿದ್ದವು. ಟಿವಿಯಲ್ಲಿ ಆಟದ ದ್ವಿತೀಯಾರ್ಧ ನಡೆದಿತ್ತು. ಬ್ರೆಕ್‌ಡೇಲ್ ಎರಡು ಗೋಲು ಹಿಂದಿತ್ತು, ಅದಕ್ಕೆ ಯಾರೂ ಆಶ್ಚರ್ಯಪಡಲಿಲ್ಲ. ಜಿ ಸಾಲಿನವರು ಕಪ್ಪು ಟೈ ಸಡಿಲಿಸಿ ತಟ್ಟೆ ಹಿಡಿದರು.

"ಅಯ್ಯೋ, ನೋಡ್ರೋ ಅಲ್ಲಿ," ಎಂದ ಕ್ಲೆಮ್, ಬಾಯಲ್ಲಿ ಪೈ ಇಟ್ಟುಕೊಂಡೇ.

ಚೆಂಡು ಆ ಬದಿಗೆ ಹೊರಹೋಗಿತ್ತು. ಕ್ಯಾಮೆರಾ ಅದರ ಹಿಂದೆ ಬಂದು ನಿಂತಿತು. ಇಡೀ ಜಿ ಸಾಲು ಖಾಲಿ. ಒಂದು ಸೀಟಿನ ಮೇಲೆ ಮಾತ್ರ ಹಳದಿ ಹೂವು ತುಂಬಿದ ತಗಡಿನ ಬಕೆಟ್ಟು, ಅದಕ್ಕೆ ಯಾರೋ ಮಫ್ಲರ್ ಸುತ್ತಿದ್ದರು. ಎಫ್ ಸಾಲಿನವರಿರಬೇಕು, ಅದರ ಪಕ್ಕದಲ್ಲಿ ಒಂದು ಪೊಟ್ಟಣ ಚಿಪ್ಸು ಕೂಡ ಇಟ್ಟಿದ್ದರು. ವೀಕ್ಷಕ ವಿವರಣೆಗಾರನಿಗೆ ಏನು ಹೇಳಬೇಕೆಂದು ತೋಚದೆ, ಆ ಸಾಲು ಯಾಕೆ ಹಾಗಿದೆಯೋ ಎಂದು ಜೊತೆಗಾರನನ್ನು ಕೇಳಿದ. ಆಮೇಲೆ ಚೆಂಡು ಎಲ್ಲೇ ಹೋದರೂ ಕ್ಯಾಮೆರಾ ಮತ್ತೆ ಮತ್ತೆ ಅಲ್ಲಿಗೇ ಬರತೊಡಗಿತು.

ಗೇನರ್‌ಳ ಚೀಲದೊಳಗೆ ಅಪ್ಪನ ಫೋನು ಗುಂಯ್ ಎಂದಿತು. ಅವಳು ತೆಗೆದು ನೋಡಿದಳು. ಯಾರ ಕೈಯೂ ಬರೆಯದ, ಯಂತ್ರ ತಾನಾಗಿ ಕಳಿಸುವ ಸಂದೇಶ. ಟೋಬಿಯ ಕೈ ಇನ್ನೂ ಅಲ್ಲಿಗೆ ತಲುಪಿರಲಿಲ್ಲ.

"ಏನಂತೆ?" ಎಂದ ಸಿರಿಲ್.

ಅವಳು ಓದಿದಳು. "'ಪ್ರಿಯ ವಿಲ್ಫ್, ಇಂದು ನಮ್ಮೊಂದಿಗಿದ್ದಕ್ಕೆ ಧನ್ಯವಾದ. ನಿಮ್ಮ ಋತು ಪೂರ್ಣಗೊಂಡಿದೆ. ನಿಮ್ಮ ಕೋರಿಕೆಯಂತೆ ಜಿ ಸಾಲಿನ ಸೀಟನ್ನು ಮುಂದಿನ ಋತುವಿಗೆ ಗೇನರ್ ಹೆಪ್‌ವರ್ತ್ ಅವರ ಹೆಸರಿಗೆ ಕಾಯ್ದಿರಿಸಲಾಗಿದೆ.'"

"ಅದನ್ನ ಅವರು ರದ್ದು ಮಾಡಿದ್ರೆ?"

"ಮಾಡ್ಲಿ. ಬಕೆಟ್ ಹೇಗೂ ವಾಪಸ್ ಬರುತ್ತಲ್ಲ, ಬೋರಲು ಹಾಕ್ಕೊಂಡು ನಿಂತ್ಕೋತೀನಿ. ಎಬ್ಬಿಸ್ಲಿ ನೋಡೋಣ."

"ಶ್!" ಎಂದ ಕ್ಲೆಮ್. "ಇಲ್ಲಿ ನೋಡಿ, ಇಲ್ಲಿ."

ಕ್ಯಾಮೆರಾ ಬಕೆಟ್ಟಿನ ಹತ್ತಿರ ಹೋಗಿತ್ತು. ಹೂವಿನ ಮೇಲೆ ಮಳೆಹನಿ ಕಾಣುತ್ತಿತ್ತು. ಅದರ ಹಿಂದೆ ಅತಿಥಿಕೋಣೆಯ ದೊಡ್ಡ ಗಾಜು. ಒಳಗಿನ ಬಿಸಿಗೂ ಹೊರಗಿನ ಮಳೆಗೂ ಅದು ಪೂರ್ತಿ ಮಸುಕಾಗಿ, ಒಳಗಿದ್ದವರು ಬರೀ ನೆರಳುಗಳಂತಿದ್ದರು. ಅವರ ಗೋಡೆಯ ಟಿವಿಯಲ್ಲೂ ಇದೇ ಬಕೆಟ್ಟು ಬರುತ್ತಿದ್ದಿರಬೇಕು. ಒಂದು ನೆರಳು ಎದ್ದು ಗಾಜಿನ ಹತ್ತಿರ ಬಂತು. ಒಂದು ಕೈ ಗಾಜಿನ ನಡುವೆ ಗುಂಡಗೆ, ಅಂಕುಡೊಂಕಾಗಿ ಒರೆಸಿತು. ಅಲ್ಲೊಂದು ಮುಖ ಮೂಡಿ ಕೆಳಗೆ ನೋಡಿತು. ಪಕ್ಕದಲ್ಲಿ ಇನ್ನೊಂದು ಕೈ, ಇನ್ನೊಂದು ಮುಖ.

ಗೇನರ್ ತಟ್ಟೆ ಕೆಳಗಿಟ್ಟು ಟಿವಿಯ ಹತ್ತಿರ ಹೋದಳು.

"ಮೂಲೆ ಬಿಟ್ರು," ಎಂದಳು.